ಅಜಿಲಿಟಿ ಸ್ಪರ್ಧೆಗೆ ಮನೆಯ ನಾಯಿಯನ್ನು ಸಿದ್ಧಪಡಿಸುವುದು: ಕಲಬುರಗಿಯವರಿಗೆ ಕೆಲವು ಸೂಚನೆಗಳು

ಜಿಗಿತ, ಸುರಂಗ, ಇಳಿಜಾರು ಮೊದಲಾದ ಅಡೆತಡೆಗಳನ್ನು ನಾಯಿ ತನ್ನ ಒಡೆಯನ ಸೂಚನೆಯಂತೆ ಕ್ರಮವಾಗಿ ದಾಟುವ ಓಟವೇ ಅಜಿಲಿಟಿ. ಈ ಸ್ಪರ್ಧೆಗೆ ಮೊದಲ ಸಲ ಇಳಿದ ನಾಯಿಗಳು ಸೋಲುವುದು ಹೆಚ್ಚಾಗಿ ನಿಲ್ಲಲು ಬಾರದಿರುವುದರಿಂದ. ಓಡುವುದನ್ನು, ಹಾರುವುದನ್ನು ಯಾರೂ ಅವಕ್ಕೆ ಕಲಿಸಬೇಕಾಗಿಲ್ಲ. 1978ರಲ್ಲಿ ಲಂಡನ್ನಿನ ಕ್ರಫ್ಟ್ಸ್ ಶ್ವಾನ ಪ್ರದರ್ಶನದಲ್ಲಿ, ಕುದುರೆಗಳ ಜಿಗಿತದ ಸ್ಪರ್ಧೆಯನ್ನು ನೋಡಿ ರೂಪಿಸಿದ ಈ ಆಟದಲ್ಲಿ ಅಂಕ ಕಳೆಯುವ ಹಲವು ಜಾಗಗಳು ನಾಯಿ ಒಂದು ಕ್ಷಣ ತಡೆದುಕೊಳ್ಳಬೇಕಾದ ಜಾಗಗಳೇ ಆಗಿವೆ: ಹೊರಡುವ ಗೆರೆ, ನಡುವಿನ ಆಧಾರದ ಮೇಲೆ ಏರಿಳಿಯುವ ಸೀಸಾ ಹಲಗೆಯ ತುದಿ, ಇಳಿಜಾರಿನ ಕೆಳಗಿನ ಹಳದಿ ಬಣ್ಣದ ಪಟ್ಟಿ.

ತರಬೇತಿಗೆ ಮೊದಲು ವಯಸ್ಸನ್ನೂ ಎತ್ತರವನ್ನೂ ನೋಡಬೇಕು. ಅಂತರರಾಷ್ಟ್ರೀಯ ಶ್ವಾನ ಒಕ್ಕೂಟವಾದ ಎಫ್‌ಸಿಐ (ನಮ್ಮ ಊರಿನ ಧಾನ್ಯದ ಗೋದಾಮಿನದಲ್ಲ) ನಿಯಮದಂತೆ 18 ತಿಂಗಳು ತುಂಬದ ನಾಯಿಗೆ ಸ್ಪರ್ಧೆಯಿಲ್ಲ. ಎಲುಬು ಬಲಿಯುವ ಮೊದಲೇ ಎತ್ತರದ ಜಿಗಿತ ಮಾಡಿಸಿದರೆ ಕೀಲುಗಳಿಗೆ ಪೆಟ್ಟಾಗುವುದರಿಂದ, ಮರಿಗೆ ಕೋಲನ್ನು ನೆಲದ ಮೇಲಿಟ್ಟು ದಾಟಿಸಿದರೆ ಸಾಕು. ನಾಯಿ ನೇರ ನಿಂತಾಗ ಭುಜದ ಮೇಲ್ತುದಿಯವರೆಗಿನ ಎತ್ತರದ ಮೇಲೆ ವರ್ಗ ನಿಶ್ಚಯವಾಗುತ್ತದೆ; 35 ಸೆಂ.ಮೀ.ಗಿಂತ ಗಿಡ್ಡವಾದದ್ದು ಸಣ್ಣ ವರ್ಗಕ್ಕೆ, 48 ಸೆಂ.ಮೀ. ಮತ್ತು ಅದಕ್ಕಿಂತ ಎತ್ತರದ್ದು ದೊಡ್ಡ ವರ್ಗಕ್ಕೆ ಸೇರುತ್ತದೆ. ಚಿಕ್ಕ ಸ್ಪರ್ಧೆಗಳಲ್ಲಿ ಸಂಘಟಕರು ಈ ನಿಯಮಗಳನ್ನು ಸಡಿಲಿಸುವುದುಂಟು, ಆದ್ದರಿಂದ ಹೆಸರು ಕೊಡುವಾಗಲೇ ನಿಯಮದ ಹಾಳೆಯನ್ನು ಕೇಳಿ ಪಡೆಯಿರಿ. ರೇಬೀಸ್ ಲಸಿಕೆಯ ದಾಖಲೆಯಂತೂ ಕೈಯಲ್ಲಿರಲಿ.

ಆಜ್ಞೆಯ ಪದಗಳ ವಿಷಯದಲ್ಲಿ ನಮ್ಮ ಭಾಗದ ಮನೆಗಳಿಗೆ ಒಂದು ವಿಶೇಷ ತೊಡಕಿದೆ. ತಂದೆ ‘ಕೂಡು’ ಎನ್ನುತ್ತಾರೆ, ಪಕ್ಕದ ಮನೆಯ ಹುಡುಗ ‘ಬೈಠ್’ ಎನ್ನುತ್ತಾನೆ, ಶಾಲೆಗೆ ಹೋಗುವ ಮಗಳು ‘ಸಿಟ್’ ಎನ್ನುತ್ತಾಳೆ. ನಾಯಿ ಮೂವರ ಮುಖವನ್ನೂ ನೋಡುತ್ತ ನಿಂತಿರುತ್ತದೆ. ಒಂದು ಕೆಲಸಕ್ಕೆ ಮನೆಮಂದಿಯೆಲ್ಲ ಒಂದೇ ಪದ ಬಳಸಬೇಕು, ಮತ್ತು ಆ ಪದಗಳ ಸದ್ದು ಒಂದನ್ನೊಂದು ಹೋಲಬಾರದು. ನಾನು ಇಳಿಜಾರಿಗೆ ‘ಹತ್ತು’ ಎಂದೂ ತಿರುಗುವುದಕ್ಕೆ ‘ಸುತ್ತು’ ಎಂದೂ ಕಲಿಸಿ, ಓಡುವ ಭರದಲ್ಲಿ ಎರಡೂ ಒಂದೇ ಆಗಿ ಕೇಳಿಸುತ್ತವೆಂದು ತಿಳಿಯುವ ಹೊತ್ತಿಗೆ ಎರಡು ತಿಂಗಳು ಕಳೆದಿದ್ದವು. ಈಗ ತಿರುಗುವುದಕ್ಕೆ ‘ಬಳಸು’ ಎನ್ನುತ್ತೇನೆ.

ಉಪಕರಣಕ್ಕೆ ಹೆಚ್ಚು ಖರ್ಚಿಲ್ಲ. ಪಿವಿಸಿ ಪೈಪಿನ 12 ತುಂಡುಗಳನ್ನು 60 ಸೆಂ.ಮೀ. ಅಂತರದಲ್ಲಿ ನೆಟ್ಟರೆ ನಾಯಿ ಹಾವಿನಂತೆ ನುಸುಳಿ ಹೋಗುವ ಕಂಬಗಳ ಸಾಲು ಸಿದ್ಧವಾಗುತ್ತದೆ. ಮೊದಲ ಕಂಬ ಯಾವಾಗಲೂ ನಾಯಿಯ ಎಡ ಭುಜಕ್ಕೆ ಬರಬೇಕೆಂಬುದೊಂದೇ ಅಲ್ಲಿ ನೆನಪಿಡಬೇಕಾದ ಮಾತು. ಸೀಸಾ ಹಲಗೆಗೆ ಮಾತ್ರ ತಾಳ್ಮೆ ಬೇಕು. ಹಲಗೆ ನೆಲಕ್ಕೆ ಬಡಿಯುವ ಸದ್ದಿಗೆ ಒಮ್ಮೆ ಹೆದರಿದ ನಾಯಿ ಮತ್ತೆ ಅದರ ಹತ್ತಿರ ಸುಳಿಯುವುದಿಲ್ಲ. ತೊಗರಿಯ ಊರಿನಲ್ಲಿ ಗೋಣಿಚೀಲಕ್ಕೆ ಬರವಿಲ್ಲವಷ್ಟೆ: ಹಲಗೆಯ ನಡುಭಾಗದ ಕೆಳಗೆ ಕೇವಲ ಒಂದು ಇಟ್ಟಿಗೆಯಿಟ್ಟು, ಬೀಳುವ ತುದಿಯ ಕೆಳಗೆ ನಾಲ್ಕು ಮಡಿಕೆಯ ಗೋಣಿಚೀಲ ಹಾಸಿ, ಸದ್ದು ‘ಧಪ್’ ಎಂದು ಮೆತ್ತಗೆ ಬರುವಂತೆ ಮಾಡಿ, ಆ ಸದ್ದಾದ ಕ್ಷಣದಲ್ಲೇ ಹಲಗೆಯ ಮೇಲೆ ನಿಂತಿರುವ ನಾಯಿಯ ಬಾಯಿಗೆ ತಿನಿಸು ಕೊಡಿ. ನಾಯಿಯೇ ಓಡಿಹೋಗಿ ಹಲಗೆಯನ್ನು ನೆಲಕ್ಕೆ ಬಡಿಯತೊಡಗಿದ ಮೇಲೆ ಕೆಲವು ದಿನಗಳಿಗೊಮ್ಮೆ ಒಂದೊಂದು ಮಡಿಕೆ ತೆಗೆಯುತ್ತ ಬನ್ನಿ, ಇಟ್ಟಿಗೆಗಳನ್ನು ಆಮೇಲೆ ಏರಿಸಿ. ಹಲಗೆ ನೆಲ ಮುಟ್ಟುವ ಮೊದಲೇ ನಾಯಿ ಹಾರಿದರೆ 5 ತಪ್ಪು ಅಂಕ ಬೀಳುತ್ತವೆ. ಇಳಿಯುವಾಗ ಹಳದಿ ಪಟ್ಟಿಯನ್ನು ಒಂದು ಪಾದದಿಂದಲೂ ಮುಟ್ಟದೆ ನೆಗೆದರೂ ಅಷ್ಟೇ. ಮುಂಗಾಲು ನೆಲದ ಮೇಲೆ, ಹಿಂಗಾಲು ಪಟ್ಟಿಯ ಮೇಲೆ ಇಟ್ಟು ನಿಲ್ಲುವುದನ್ನು ಮನೆಯ ಕೊನೆಯ ಮೆಟ್ಟಿಲ ಮೇಲೆಯೇ ದಿನವೂ ರೂಢಿಸಬಹುದು.

ಅಂಗಳದಲ್ಲಿ ನಿಂತ ನಾಯಿ ಮೈದಾನದಲ್ಲಿ ನಿಲ್ಲುತ್ತದೆಂದು ನಂಬಬೇಡಿ. ಸಂಜೆ ಶರಣಬಸವೇಶ್ವರ ಗುಡಿಯ ಕೆರೆಯ ಬಳಿ, ಸುಸಲಾ ಮಿರ್ಚಿಯ ಬಂಡಿಗಳಿಂದ ಸ್ವಲ್ಪ ದೂರದಲ್ಲಿ, ಬಾರು ಹಿಡಿದೇ ‘ನಿಲ್ಲು’ ಎಂದು ಹೇಳಿ ಹತ್ತು ಎಣಿಸುವುದು ಒಳ್ಳೆಯ ಪರೀಕ್ಷೆ. ಮುಧೋಳ ತಳಿಯ ನಾಯಿ ಸಾಕಿದವರಿಗೆ ಇದು ಇನ್ನೂ ಅಗತ್ಯ, ಏಕೆಂದರೆ ನೋಟದಿಂದ ಬೇಟೆಯಾಡುವ ಆ ನಾಯಿಗೆ ಮೈದಾನದಾಚೆ ಒಂದು ಆಡು ಕಂಡರೆ ನೀವು ಕೂಗುವ ಹೆಸರು ಕೇಳಿಸುವುದೇ ಇಲ್ಲ.

ಬಿಸಿಲಿನ ವಿಷಯದಲ್ಲಿ ರಾಜಿ ಬೇಡ. ನಾಯಿಗೆ ಮೈಯೆಲ್ಲ ಬೆವರುವ ಸೌಲಭ್ಯವಿಲ್ಲ, ಅದು ಬಹುಮಟ್ಟಿಗೆ ತೇಕುವುದರಿಂದಲೇ ಮೈ ತಂಪು ಮಾಡಿಕೊಳ್ಳುತ್ತದೆ. ಫೆಬ್ರವರಿ ದಾಟಿದ ಮೇಲೆ ಅಭ್ಯಾಸ ಬೆಳಗಿನ 7 ಗಂಟೆಯೊಳಗೆ ಮುಗಿಯಲಿ, ಏಪ್ರಿಲ್ ಮೇ ತಿಂಗಳಲ್ಲಿ ಜಿಗಿತವನ್ನೇ ಬಿಟ್ಟು ಮನೆಯೊಳಗೆ ನಿಲ್ಲುವುದನ್ನಷ್ಟೇ ಮಾಡಿಸಿ. ಎರೆಮಣ್ಣಿನ ಹೊಲ ಅಭ್ಯಾಸಕ್ಕೆ ಯೋಗ್ಯವಲ್ಲ: ಮಳೆಯಲ್ಲಿ ಪಾದದ ಸಂದಿಗೆ ಮೆತ್ತಿಕೊಳ್ಳುತ್ತದೆ, ಬೇಸಿಗೆಯಲ್ಲಿ ಬಿರುಕಿನೊಳಗೆ ಉಗುರು ಸಿಕ್ಕಿಕೊಳ್ಳುತ್ತದೆ. ಈ ಮಟ್ಟಿಗೆ ಬೀದರಿನ ಕೆಂಪು ನೆಲದವರು ಪುಣ್ಯವಂತರು.

ಸ್ಪರ್ಧೆಯ ದಿನ ಊಟವನ್ನು ಮೂರು ನಾಲ್ಕು ಗಂಟೆ ಮೊದಲೇ, ಅದೂ ಅರ್ಧ ಮಾತ್ರ ಕೊಡಿ. ಓಟಕ್ಕೆ ಮೊದಲು ನಾಯಿಯಿಲ್ಲದೆ ದಾರಿಯನ್ನು ನಡೆದು ನೋಡಲು ಕೆಲವು ನಿಮಿಷ ಸಿಗುತ್ತವೆ. ಆಗ ಅಡೆತಡೆಗಳ ಕ್ರಮಸಂಖ್ಯೆಗಳನ್ನು ಬಾಯಿಪಾಠ ಮಾಡುವುದಕ್ಕಿಂತ, ಒಂದೊಂದು ಜಿಗಿತದ ಹಿಂದೆ ನಾಯಿಯ ಎತ್ತರಕ್ಕೆ ಬಗ್ಗಿ, ಅಲ್ಲಿಂದ ಅದಕ್ಕೆ ಎದುರಿಗೆ ಯಾವ ಅಡೆತಡೆ ಮೊದಲು ಕಾಣುತ್ತದೆಂದು ನೋಡಿ. ತಪ್ಪು ಸುರಂಗದ ಬಾಯಿ ಎದುರಿಗೇ ಕಾಣುತ್ತಿದ್ದರೆ ಆ ಬದಿಗೆ ನೀವೇ ಅಡ್ಡ ಇರಬೇಕು, ಏಕೆಂದರೆ ನಾಯಿ ನಿಮ್ಮ ಮಾತಿಗಿಂತ ನಿಮ್ಮ ಭುಜ ಮತ್ತು ಪಾದ ತಿರುಗಿದ ದಿಕ್ಕನ್ನು ನಂಬುತ್ತದೆ. ಕ್ರಮ ತಪ್ಪಿದರೆ ನೇರವಾಗಿ ಹೊರಗೆ. ಅಂಕಣದೊಳಗೆ ತಿನಿಸಾಗಲಿ ಆಟಿಕೆಯಾಗಲಿ ಒಯ್ಯುವಂತಿಲ್ಲ. ನನ್ನ ಮೊದಲ ಸ್ಪರ್ಧೆಯಲ್ಲಿ ಕಿಸೆಯಲ್ಲಿ ಬೇಯಿಸಿದ ಕೋಳಿಯ ಚೂರುಗಳು ಉಳಿದುಬಿಟ್ಟಿದ್ದವು. ಮೂರನೆಯ ಜಿಗಿತ ದಾಟಿದ ನಾಯಿ ಮುಂದಿನ ದಾರಿಯನ್ನು ಬಿಟ್ಟು ನನ್ನ ಪ್ಯಾಂಟಿಗೆ ಮೂಗು ತೂರಿಸಿ ನಿಂತಿತು, ತೀರ್ಪುಗಾರರು ಶಿಳ್ಳೆ ಊದಿದರು. ಅಂದಿನಿಂದ ತಿನಿಸಿನ ಡಬ್ಬಿ ಅಂಕಣದ ಹೊರಗೆ, ನೀರಿನ ಬಟ್ಟಲಿನ ಪಕ್ಕದಲ್ಲಿರುತ್ತದೆ.

ಓಟ ಮುಗಿದ ಕೂಡಲೇ ಬಾರು ಹಾಕಿ, ಡಬ್ಬಿಯ ಬಳಿಗೆ ಕರೆದೊಯ್ದು, ನೆರಳಿನಲ್ಲಿ ಹತ್ತು ನಿಮಿಷ ನಿಧಾನವಾಗಿ ನಡೆಸಿ, ಸ್ವಲ್ಪ ಸ್ವಲ್ಪವೇ ನೀರು ಕೊಡಿ. ಆಮೇಲೆ ನಾಲ್ಕೂ ಪಾದಗಳನ್ನು ಎತ್ತಿ ಬೆರಳುಗಳ ಸಂದಿಯನ್ನು ಬಿಡಿಸಿ ನೋಡಿ, ನಮ್ಮ ಕಡೆಯ ಮೈದಾನಗಳಲ್ಲಿ ಜಾಲಿಮುಳ್ಳು ಇದ್ದೇ ಇರುತ್ತದೆ.