ಅಪ್ಪ-ಅವ್ವ ಇಂಗ್ಲೆಂಡಿಗೆ ಬರೋ ಮುಂಚೆ: ಹೊಟ್ಟೆ ಪೆಟ್ಟು, ಗ್ರೇಡ್, ಬಿಲ್ಲು

ಇಲ್ಲಿ ಇಂಗ್ಲೆಂಡಿನ ಮೂರು ಮನೆಗಳಲ್ಲಿ ಒಂದೇ ಕಥೆ ನೋಡಿದೆ: ಊರಿಂದ ಬಂದ ಹಿರಿಯರ ಹೊಟ್ಟೆಗೆ ಒಳಪೆಟ್ಟು, ಹಿಂದೆಯೇ ಆಸ್ಪತ್ರೆ ಬಿಲ್ಲು. ಎಲ್ಲರೂ ಕಲಬುರಗಿ, ಬೀದರ್ ಕಡೆಯವರೇ. ಎಲ್ಲರೂ ಮಾಡಿದ್ದು ನಾನು ಮಾಡಿದ ತಪ್ಪೇ. ತುರ್ತಿಗೆ 999ಕ್ಕೆ ಫೋನ್ ಮಾಡೋದು, ಜಿಪಿ (ಬಡಾವಣೆಯ ಡಾಕ್ಟರು) ಹತ್ತಿರ ಹೆಸರು ಬರೆಸೋದು ನಿಮಗೆ ಗೊತ್ತಿದೆ, ಬಿಡಿ.

ನಮ್ಮಪ್ಪ ಕಲಬುರಗಿಯಿಂದ ಬಂದ ಎರಡನೇ ವಾರ ಮನೆ ಮುಂದಿನ ಮೆಟ್ಟಿಲ ಮೇಲೆ ಜಾರಿದರು. ಎಡಗಡೆ ಪಕ್ಕೆಲುಬು ಅಂಚಿಗೆ ಬಡಿಯಿತು. ಮೇಲೆ ಗಾಯವಿಲ್ಲ. ಹೊಟ್ಟೆ ನೋವು ಅಂದಾಗ ಗ್ಯಾಸ್ ಅಂತ ಅಜವಾನದ ನೀರು ಕೊಟ್ಟೆವು. ಎಡ ಭುಜವೂ ನೋಯುತ್ತಿದೆ ಅಂದರು, ಬಾಮ್ ಹಚ್ಚಿದೆ. ಆ ಭುಜದ ನೋವೇ ಸುಳಿವು. ಎಡ ಪಕ್ಕೆಲುಬಿನ ಅಡಿಯಲ್ಲಿರುವ ಗುಲ್ಮ, ಅಂದರೆ ಸ್ಪ್ಲೀನ್, ಒಡೆದು ರಕ್ತವು ವಪೆಗೆ (ಎದೆ-ಹೊಟ್ಟೆ ನಡುವಿನ ಪೊರೆ) ತಾಗಿದರೆ ನೋವು ಭುಜದಲ್ಲಿ ಕಾಣುತ್ತದೆ. ಅರ್ಧ ದಿನ ಸುಮ್ನೆ ಕಳೆದೆವು.

ಸಿಟಿ ಸ್ಕ್ಯಾನ್ ಆದಮೇಲೆ "ಗ್ರೇಡ್ 3" ಅಂದರು. ನಾನು ಕ್ಯಾನ್ಸರ್ ಸ್ಟೇಜ್ ಥರ ಕೇಳಿಸಿಕೊಂಡು ಗಾಬರಿಯಾದೆ. ಹಾಗಲ್ಲ. ಗುಲ್ಮ, ಲಿವರ್, ಕಿಡ್ನಿ ಪೆಟ್ಟಿಗೆ 1ರಿಂದ 5ರವರೆಗೆ ಗ್ರೇಡ್ ಇದೆ, ಅಮೆರಿಕದ ಟ್ರಾಮಾ ಸರ್ಜನ್ನರ ಸಂಘ ಮಾಡಿದ್ದು, 2018ರಲ್ಲಿ ತಿದ್ದಿದ್ದು. ಗುಲ್ಮದಲ್ಲಿ 1 ಸೆಂ.ಮೀ.ಗಿಂತ ಕಡಿಮೆ ಆಳದ ಸೀಳು ಗ್ರೇಡ್ 1, 3 ಸೆಂ.ಮೀ. ದಾಟಿದರೆ ಗ್ರೇಡ್ 3, ಚೂರುಚೂರಾದರೆ 5. ಆದರೆ ಆಪರೇಷನ್ ಬೇಕೋ ಬೇಡವೋ ಅನ್ನೋದನ್ನು ಬರೀ ಈ ಅಂಕಿ ಹೇಳಲ್ಲ. ಬಿಪಿ ಸ್ಥಿರವಾಗಿದೆಯಾ, ಬೀಳುತ್ತಿದೆಯಾ ಅನ್ನೋದೇ ಮುಖ್ಯ. ಬಿಪಿ ಸ್ಥಿರವಾಗಿದ್ದರೆ ಮಲಗಿಸಿ, ಪದೇಪದೇ ರಕ್ತ ಪರೀಕ್ಷೆ ಮಾಡಿ ಕಾಯುತ್ತಾರೆ. ರಕ್ತ ಸೋರುವ ನಾಳವಿದ್ದರೆ ತೊಡೆಸಂದಿಯಿಂದ ಸಣ್ಣ ಕೊಳವೆ ತೂರಿಸಿ ಅದನ್ನು ಮುಚ್ಚುತ್ತಾರೆ. "ಏನೂ ಮಾಡ್ತಿಲ್ಲ" ಅಂತ ನಾನು ಜಗಳಕ್ಕೆ ಹೋಗಿದ್ದೆ. ಕಾಯುವುದೇ ಚಿಕಿತ್ಸೆ. ಗುಲ್ಮ ತೆಗೆದರೆ ಮುಂದೆ ಸೋಂಕಿನ ಭಯ, ಲಸಿಕೆಗಳ ಸಾಲು. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ, ಅಪ್ಪನ ಚೀಟಿ ಸೂಟ್‌ಕೇಸಿನ ತಳದಲ್ಲಿತ್ತು.

ಈಗ ಅಸಲು ವಿಷಯ. "ಇಲ್ಲಿ ಎಮರ್ಜೆನ್ಸಿ ಫ್ರೀ" ಅಂತ ಎಲ್ಲರೂ ಹೇಳುತ್ತಾರೆ. ಅರ್ಧ ನಿಜ. ಎ ಅಂಡ್ ಇ (ಆಸ್ಪತ್ರೆಯ ತುರ್ತು ವಿಭಾಗ) ಒಳಗೆ ನೋಡಿದ್ದು, ಸ್ಕ್ಯಾನ್ ಮಾಡಿದ್ದು ಎಲ್ಲರಿಗೂ ಉಚಿತ. ವಾರ್ಡಿಗೆ ಅಡ್ಮಿಟ್ ಅಂತ ಬರೆದ ಕ್ಷಣದಿಂದ ವಿಸಿಟರ್ ವೀಸಾದವರಿಗೆ ಬಿಲ್ಲು ಶುರು, ಅದೂ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನ ಮಾಮೂಲಿ ದರದ 150 ಪರ್ಸೆಂಟ್. ಕೆಲಸದ ವೀಸಾದಲ್ಲಿರುವ ನಾವು ವರ್ಷಕ್ಕೆ 1,035 ಪೌಂಡ್ ಆರೋಗ್ಯ ಸರ್ಚಾರ್ಜ್ ವೀಸಾ ಜೊತೆಗೇ ಕಟ್ಟಿರುತ್ತೇವೆ, ನಮಗೆ ಬಿಲ್ಲಿಲ್ಲ. ಅಪ್ಪ-ಅವ್ವನಿಗೆ ಅದು ತಾಗಲ್ಲ. ಭಾರತದವರಿಗೆ ಚಿಕಿತ್ಸೆ ಉಚಿತ ಮಾಡುವ ಒಪ್ಪಂದವೂ ಇಲ್ಲ. ಹೊಟ್ಟೆ ಪೆಟ್ಟಿನಲ್ಲಿ ಚಿಕಿತ್ಸೆ ಅಂದರೆ ದಿನಗಟ್ಟಲೆ ಹಾಸಿಗೆ, ಅಂದರೆ ದಿನಗಟ್ಟಲೆ ಬಿಲ್ಲು. ಟ್ರಾವೆಲ್ ಇನ್ಶೂರೆನ್ಸ್ ದುಡ್ಡು ಉಳಿಸಿದ ನಾನು ಅದರ ನೂರು ಪಟ್ಟು ಕಟ್ಟಿದೆ, ಕಂತಿನಲ್ಲಿ. ಕೊಳ್ಳುವಾಗ ಸಕ್ಕರೆ, ಬಿಪಿ ಮುಚ್ಚಿಡಬೇಡಿ, ಆಮೇಲೆ ಕ್ಲೇಮ್ ತಿರಸ್ಕರಿಸುತ್ತಾರೆ.

ಬೀದರಿನ ಗೆಳೆಯನೊಬ್ಬ ಬಿಲ್ಲಿನ ಸುದ್ದಿ ಕೇಳಿ ಎರಡನೇ ದಿನವೇ ತಂದೆಯನ್ನು ಮನೆಗೆ ಕರೆದೊಯ್ಯುತ್ತೇನೆ ಅಂದ. ನರ್ಸ್ ತಡೆದರು. ದೇವರು ದೊಡ್ಡವನು. ಗುಲ್ಮದ ಪೆಟ್ಟು ಕೆಲವು ದಿನ ತಣ್ಣಗಿದ್ದು ಆಮೇಲೆ ಒಡೆಯಬಹುದು. ತುರ್ತು ಚಿಕಿತ್ಸೆಯನ್ನು ದುಡ್ಡಿಗಾಗಿ ಇಲ್ಲಿ ನಿಲ್ಲಿಸಲ್ಲ. ಈ ಒಂದು ವಿಷಯದಲ್ಲಿ ಇವರೇ ಮೇಲು. ಊರಲ್ಲಿ ಮೊದಲು ಡಿಪಾಸಿಟ್ ಕೇಳಿದ್ದನ್ನು ನಾನೂ ಕಂಡಿದ್ದೇನೆ. ಆದರೆ ವೇಗದಲ್ಲಿ ಊರೇ ವಾಸಿ ಅಂತ ನನ್ನ ಅನಿಸಿಕೆ, ಅಲ್ಲಿ ಕಾರಿಡಾರಿನಲ್ಲಿ ಇಷ್ಟು ಹೊತ್ತು ಕೂತಿದ್ದು ನೆನಪಿಲ್ಲ.

ಬಿಲ್ಲು ಬಂದಮೇಲೆ ಸುಮ್ಮನೆ ಕೂರಬೇಡಿ. 500 ಪೌಂಡ್ ಅಥವಾ ಹೆಚ್ಚು ಬಾಕಿ ಎರಡು ತಿಂಗಳು ಉಳಿದರೆ ವೀಸಾ ನೋಡಿಕೊಳ್ಳುವ ಹೋಮ್ ಆಫೀಸಿಗೆ ಸುದ್ದಿ ಹೋಗುತ್ತದೆ, ಮುಂದಿನ ವೀಸಾಕ್ಕೆ ಕುತ್ತು. ಆಸ್ಪತ್ರೆಗೆ ಫೋನ್ ಮಾಡಿ ಕಂತು ಮಾಡಿಸಿಕೊಳ್ಳಿ.

ಡಿಸ್ಚಾರ್ಜ್ ಕಾಗದದಲ್ಲಿ ಗ್ರೇಡ್ ಬರೆಸಿ, ವಿಮಾನ ಹತ್ತುವ ಮುಂಚೆ ವೈದ್ಯರನ್ನು ಕೇಳಿ. ನಮ್ಮಪ್ಪ ಕಲಬುರಗಿಗೆ ಮರಳಿದ್ದು ಶರಣಬಸವೇಶ್ವರ ಜಾತ್ರೆ ಹತ್ತಿರ ಬಂದಾಗ. ತೇರಿನ ನೂಕುನುಗ್ಗಲಿಗೆ ಹೋಗಬೇಡಿ ಅಂತ ಫೋನಲ್ಲೇ ಗದರಿದೆ. ಆ ವರ್ಷ ಮನೆ ಮಾಳಿಗೆಯಿಂದ ನೋಡಿದರಂತೆ, ಈಗಲೂ ಬೈಯುತ್ತಾರೆ.