ಕ್ಷಯವೆಂದು ನಾನು ನಂಬಿದ್ದ ಜ್ವರ

ಅವರು ಬಂದದ್ದು ಜುಲೈ ಕೊನೆಯ ವಾರ, ಎಡೆಬಿಡದೆ ಮಳೆ ಹೊಯ್ಯುತ್ತಿದ್ದ ದಿನ. ಉಡುಪಿ ಜಿಲ್ಲೆಯ ಬೇಸಾಯಗಾರರು, ಐವತ್ತರ ಆಸುಪಾಸು. ಹತ್ತು ದಿನಗಳಿಂದ ಚಳಿಜ್ವರ, ಕೆಮ್ಮು, ಎಡಪಕ್ಕೆಯಲ್ಲಿ ಚುಚ್ಚುವ ನೋವು. ಊಟ ಸೇರದೆ ಮೈ ಇಳಿದಿತ್ತು. ಸಕ್ಕರೆ ಕಾಯಿಲೆ ಎಂಟು ವರ್ಷದ್ದು. ಅಂದು ರಕ್ತದಲ್ಲಿ ಸಕ್ಕರೆ 380. ಎಕ್ಸ್‌ರೇಯಲ್ಲಿ ಎಡ ಶ್ವಾಸಕೋಶದ ಮೇಲ್ಭಾಗ ಬೆಳ್ಳಗಿತ್ತು. ಕಫ ಪರೀಕ್ಷೆಯಲ್ಲಿ ಏನೂ ಸಿಗದಿದ್ದರೂ ಇದು ಕ್ಷಯವೇ ಎಂದು ನನಗೆ ಅನಿಸಿತು. ಸಾಮಾನ್ಯ ನ್ಯುಮೋನಿಯಾಕ್ಕೆ ಕೊಡುವ ಸೆಫ್ಟ್ರಿಯಾಕ್ಸೋನ್ ಶುರು ಮಾಡಿ, ಜ್ವರ ಬಿಡದಿದ್ದರೆ ಕ್ಷಯದ ಮಾತ್ರೆ ಕೊಡುವುದೆಂದು ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟೆ.

ಒಂದು ಕೆಲಸ ಮಾತ್ರ ಸರಿಯಾಗಿ ಆಗಿತ್ತು. ಮೊದಲ ಇಂಜೆಕ್ಷನ್‌ಗೂ ಮುಂಚೆ, ರೋಗಾಣು ಇದ್ದರೆ ಬೆಳೆಸಿ ಗುರುತಿಸಲೆಂದು ರಕ್ತವನ್ನು ಕಲ್ಚರ್‌ಗೆ ಕಳುಹಿಸಿದ್ದೆ.

ಮೂರನೆಯ ದಿನ ಪ್ರಯೋಗಾಲಯದಿಂದ ಕರೆ ಬಂತು. 'ಸ್ಯೂಡೊಮೊನಾಸ್ ಜಾತಿಯ ಬ್ಯಾಕ್ಟೀರಿಯಾ ಬೆಳೆದಿದೆ ಸರ್, ಮಾದರಿ ಕಲುಷಿತವಾಗಿರಬಹುದು.' ಸರಿ ಎಂದು ಫೋನ್ ಇಡುವವನಿದ್ದೆ. ಯಾವ ಔಷಧಿಗೆ ಬಗ್ಗುತ್ತದೆ ಎಂದು ಸುಮ್ಮನೆ ಕೇಳಿದೆ. ಜೆಂಟಾಮೈಸಿನ್‌ಗೆ ಬಗ್ಗುವುದಿಲ್ಲ, ಕೊಲಿಸ್ಟಿನ್‌ಗೂ ಇಲ್ಲ. ಅಮಾಕ್ಸಿಕ್ಲಾವ್‌ಗೆ ಬಗ್ಗುತ್ತದೆ ಎಂದರು. ಆಸ್ಪತ್ರೆಗಳಲ್ಲಿ ನಾವು ದಿನವೂ ಕಾಣುವ ಸ್ಯೂಡೊಮೊನಾಸ್‌ನ ನಡತೆ ಇದಕ್ಕೆ ತದ್ವಿರುದ್ಧ. ಕೂಡಲೇ ಕೆಳಗಿಳಿದು ಹೋಗಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ಗುಲಾಬಿ ಬಣ್ಣದ ಸಣ್ಣ ಕಡ್ಡಿಗಳು. ಎರಡೂ ತುದಿ ಗಾಢ, ನಡುವೆ ತಿಳಿ. ಸೀರೆಯ ಸೆರಗಿಗೆ ಸಿಕ್ಕಿಸುವ ಪಿನ್ನಿನ ಹಾಗೆ. ರೋಗಾಣು ಬರ್ಖೋಲ್ಡೇರಿಯಾ ಸ್ಯೂಡೊಮ್ಯಾಲೈ. ಕಾಯಿಲೆ ಮೆಲಿಯೋಯ್ಡೋಸಿಸ್.

ಈ ರೋಗಾಣು ಮಣ್ಣಿನಲ್ಲೂ ನಿಂತ ನೀರಿನಲ್ಲೂ ಬದುಕುತ್ತದೆ. ವಿಟ್ಮೋರ್ ಮತ್ತು ಕೃಷ್ಣಸ್ವಾಮಿ ಎಂಬ ವೈದ್ಯರು ಇದನ್ನು ರಂಗೂನಿನಲ್ಲಿ ಗುರುತಿಸಿ 1912ರಲ್ಲಿ ವರದಿ ಮಾಡಿದ್ದರು. ಪಾದದ ಬಿರುಕಿನಿಂದ ಒಳಹೊಗುತ್ತದೆ. ಬಿರುಗಾಳಿ ಮಳೆಯಲ್ಲಿ ಉಸಿರಿನ ಜೊತೆ ನೇರವಾಗಿ ಶ್ವಾಸಕೋಶಕ್ಕೂ ಇಳಿಯುತ್ತದೆ. ಕುಡಿಯುವ ನೀರಿನಿಂದಲೂ ಬರಬಹುದು. ಸಕ್ಕರೆ ಕಾಯಿಲೆ ಇರುವವರನ್ನೇ ಹೆಚ್ಚು ಹಿಡಿಯುತ್ತದೆ. ಮಳೆ, ಗದ್ದೆ, ಸಕ್ಕರೆ ಕಾಯಿಲೆ ಮೂರೂ ಧಾರಾಳವಾಗಿರುವ ನಮ್ಮ ಕರಾವಳಿಯಲ್ಲಿ ಇದನ್ನು ಅಪರೂಪದ ಕಾಯಿಲೆ ಎಂದು ಪಕ್ಕಕ್ಕಿಡುವುದು ದೊಡ್ಡ ತಪ್ಪು ಎಂದೇ ನನ್ನ ನಂಬಿಕೆ.

ಮತ್ತೆ ಅವರ ಮಂಚದ ಬಳಿಗೆ ಹೋಗಿ, ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆ ಕೇಳಿದೆ. ಜ್ವರ ಬರುವ ವಾರದ ಹಿಂದೆ ನೇಜಿ (ಭತ್ತದ ಸಸಿ) ನೆಡುವುದಕ್ಕೆ ಗದ್ದೆಗೆ ಇಳಿದಿದ್ದರಂತೆ. ಹೆಂಡತಿ ಹೊದಿಕೆ ಸರಿಸಿ ಅವರ ಹಿಮ್ಮಡಿ ತೋರಿಸಿದರು. ಬೆರಳ ಉಗುರು ಇಳಿಯುವಷ್ಟು ಆಳದ ಬಿರುಕುಗಳು, ಒಳಗೆ ಇನ್ನೂ ಕಪ್ಪು ಮಣ್ಣು.

ಹೊಟ್ಟೆಯ ಸ್ಕ್ಯಾನ್ ಮಾಡಿಸಿದೆ. ಗುಲ್ಮದಲ್ಲಿ (ಸ್ಪ್ಲೀನ್) ಮೂರು ಸಣ್ಣ ಕೀವಿನ ಗುಳ್ಳೆಗಳಿದ್ದವು. ಎಡಪಕ್ಕೆಯ ನೋವಿಗೆ ಅವೂ ಕಾರಣವಾಗಿದ್ದಿರಬೇಕು. ಈ ಕಾಯಿಲೆಯಲ್ಲಿ ಯಕೃತ್ತು, ಗುಲ್ಮ, ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ನೋಡದೆ ಬಿಡಬಾರದು.

ಸೆಫ್ಟ್ರಿಯಾಕ್ಸೋನ್ ನಿಲ್ಲಿಸಿ, ಎಂಟು ಗಂಟೆಗೊಮ್ಮೆ 2 ಗ್ರಾಂ ಸೆಫ್ಟಾಜಿಡೈಮ್ ಶುರು ಮಾಡಿದೆ. ಎರಡರ ಹೆಸರೂ ಒಂದೇ ಮನೆತನದ್ದಾದರೂ ಈ ಕಾಯಿಲೆಯಲ್ಲಿ ಮೊದಲನೆಯದನ್ನು ನೆಚ್ಚುವಂತಿಲ್ಲ. ರೋಗಿಯ ರಕ್ತದೊತ್ತಡ ಕುಸಿದು ಐಸಿಯು ಸೇರಿದ್ದರೆ ಮೆರೊಪೆನೆಮ್ ಕೊಡುತ್ತಿದ್ದೆ. ಜೊತೆಗೆ ಇನ್ಸುಲಿನ್.

ಆಮೇಲಿನ ದಿನಗಳು ನನ್ನ ತಾಳ್ಮೆಯನ್ನು ಪರೀಕ್ಷಿಸಿದವು. ಸರಿಯಾದ ಔಷಧಿ ಸಿಕ್ಕಿದ ಮೇಲೂ ಇದರ ಜ್ವರ ಇಳಿಯಲು ಒಂದು ವಾರ, ಒಂಬತ್ತು ದಿನ ಹಿಡಿಯುವುದುಂಟು. ಐದನೆಯ ದಿನ ಸಂಜೆಯೂ 102 ಡಿಗ್ರಿ. 'ಡಾಕ್ಟರೇ, ಬೇರೆ ಆಸ್ಪತ್ರೆಗೆ ಕರೆದುಕೊಂಡು ಹೋಗಲೇ?' ಎಂದು ಮಗ ಕೇಳಿದ. ಅವನನ್ನು ಕೂರಿಸಿ ತಾಪಮಾನದ ಚಾರ್ಟ್ ತೋರಿಸಿದೆ. ಏರುವ ಹೊತ್ತು ಕಡಿಮೆಯಾಗುತ್ತಿತ್ತು, ಉಸಿರಾಟ ನಿಧಾನಕ್ಕೆ ಬಂದಿತ್ತು, ಹೊಸ ಗುಳ್ಳೆಗಳಿರಲಿಲ್ಲ. ಔಷಧಿ ಬದಲಿಸಲಿಲ್ಲ. ಹತ್ತನೆಯ ದಿನ ಜ್ವರ ಬಿಟ್ಟಿತು. ಇಂಜೆಕ್ಷನ್ ಕೊಡಬೇಕಾದ ಕನಿಷ್ಠ ಅವಧಿ ಹತ್ತರಿಂದ ಹದಿನಾಲ್ಕು ದಿನ. ಗುಲ್ಮದಲ್ಲಿ ಕೀವು ಇದ್ದುದರಿಂದ ನಾಲ್ಕು ವಾರ ಇಂಜೆಕ್ಷನ್ ಕೊಟ್ಟೆ.

ಅಷ್ಟಕ್ಕೆ ಮುಗಿಯುವುದಿಲ್ಲ. ಅಳಿದುಳಿದ ರೋಗಾಣು ಮತ್ತೆ ತಲೆ ಎತ್ತದಂತೆ ಕನಿಷ್ಠ ಮೂರು ತಿಂಗಳು ಕೋಟ್ರೈಮೊಕ್ಸಜೋಲ್ ಮಾತ್ರೆ ನುಂಗಬೇಕು. ಮೈ ಹಗುರಾದವರಿಗೆ ಮೂರು ತಿಂಗಳು ಮಾತ್ರೆ ನುಂಗಿಸುವಷ್ಟು ಕಷ್ಟದ ಕೆಲಸ ನನ್ನ ವೃತ್ತಿಯಲ್ಲಿ ಬೇರೊಂದಿಲ್ಲ. ಈ ಮಾತ್ರೆಯಿಂದ ಮೈಮೇಲೆ ದದ್ದು ಎದ್ದರೆ ತಕ್ಷಣ ಬರಬೇಕೆಂದು ಹೇಳಿದೆ. ಪೊಟ್ಯಾಸಿಯಂ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ರಕ್ತಕಣಗಳ ಎಣಿಕೆಯನ್ನು ಮೊದಲು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ನೋಡಿದೆ. ಮಾತ್ರೆಯ ಲೆಕ್ಕವನ್ನು ಹೆಂಡತಿಗೆ ಒಪ್ಪಿಸಿದೆ. ಖಾಲಿ ಪಟ್ಟಿಗಳನ್ನು ಅವರು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತಂದು ಮೇಜಿನ ಮೇಲೆ ಸುರಿದು ಎಣಿಸಿಕೊಡುತ್ತಿದ್ದರು.

ಈಗ ಮಳೆಗಾಲದಲ್ಲಿ ಸಕ್ಕರೆ ಕಾಯಿಲೆಯವರು ಜ್ವರ, ಕೆಮ್ಮು ಎಂದು ಬಂದರೆ ಮೊದಲು ಅವರ ಪಾದ ನೋಡುತ್ತೇನೆ. ಕಲ್ಚರ್ ಚೀಟಿಯ ಮೇಲೆ 'ಮೆಲಿಯೋಯ್ಡೋಸಿಸ್ ಇರಬಹುದೇ?' ಎಂದು ಬರೆಯುತ್ತೇನೆ. ಅದನ್ನು ಓದಿದ ಪ್ರಯೋಗಾಲಯದವರು ಬೆಳೆದದ್ದನ್ನು ಬಿಸಾಡುವುದಿಲ್ಲ, ರೋಗಾಣು ಗಾಳಿಗೆ ಹರಡದಂತೆ ತಡೆಯುವ ಸುರಕ್ಷಾ ಪೆಟ್ಟಿಗೆಯೊಳಗೇ ಇಟ್ಟು ಕೆಲಸ ಮಾಡುತ್ತಾರೆ.

ಮರುವರ್ಷ ನಾಟಿಯ ಹೊತ್ತಿಗೆ ಅವರಿಗೆ ಮೊಣಕಾಲವರೆಗಿನ ಗಂಬೂಟು ಹಾಕಿಕೊಳ್ಳಲು ಹೇಳಿದ್ದೆ. ಹಾಕಿಕೊಂಡರಂತೆ, ಕೆಸರಿನಲ್ಲಿ ಕಾಲು ಹೂತು ಕೀಳಲಾಗದೆ, ಅರ್ಧ ಗದ್ದೆಗೇ ಬಿಚ್ಚಿ ಬದುವಿನ ಮೇಲಿಟ್ಟರು ಎಂದು ಹೆಂಡತಿ ಫೋನಿನಲ್ಲಿ ಹೇಳಿದರು. ಸೋಮವಾರ ಬೆಳಿಗ್ಗೆ ಇಬ್ಬರನ್ನೂ ಬರಹೇಳಿದ್ದೇನೆ.