ಸ್ಕೋಪಿನ ಮೂರನೇ ನಾಬ್ ಬೇಕಾ, ಬೇಡವಾ? ನನ್ನ ಅನುಭವ

ನಮ್ಮ ಊರು ಮಡಿಕೇರಿ ಕಡೆ. ಮನೆಯಲ್ಲಿ ತಾತನ ತೋಟಾ ಕೋವಿ ಇತ್ತು. ನಳಿಗೆ ತುದಿಯಲ್ಲಿ ಜೋಳದ ಕಾಳಿನಷ್ಟು ಹಿತ್ತಾಳೆ ಮಣಿ, ಅಷ್ಟೇ. ಕೈಲ್‌ಪೊಳ್ದ್ ಹಬ್ಬಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆಯಲು ಅದೇ ಸಾಕಾಗುತ್ತಿತ್ತು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಹುಟ್ಟಿದವನು ನಾನು, ಶಿಕಾರಿ ಅಂದರೆ ಹಿರಿಯರ ಬಾಯಲ್ಲಿ ಕೇಳಿದ್ದು ಮಾತ್ರ. ಹಾಗಾಗಿ ಟೆಕ್ಸಾಸ್‌ಗೆ ಬಂದು, ಇಲ್ಲಿನ ಕಡ್ಡಾಯ ಹಂಟರ್ ಎಜುಕೇಶನ್ ಕೋರ್ಸ್ ಮುಗಿಸಿ, ಲೈಸೆನ್ಸ್ ತಗೊಂಡಾಗ ಸ್ಕೋಪಿನ, ಅಂದರೆ ಕೋವಿಯ ಮೇಲೆ ಕೂರಿಸುವ ಗುರಿ ದುರ್ಬೀನಿನ, ತಲೆಬುಡ ನನಗೆ ಗೊತ್ತಿರಲಿಲ್ಲ.

ಗೊತ್ತಿಲ್ಲದವನು ಏನು ಮಾಡುತ್ತಾನೆ? ಜಾಸ್ತಿ ನಾಬ್ ಇರುವುದನ್ನು ಕೊಳ್ಳುತ್ತಾನೆ. ನನ್ನ .308 ರೈಫಲ್ ಮೇಲೆ 6-24×50 ಸ್ಕೋಪ್ ಕೂತಿತು, ಅಂದರೆ 6ರಿಂದ 24 ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಗಾಜು 50 ಮಿ.ಮೀ. ಅಗಲ ಇರುವಂಥದ್ದು. ಗುರಿಯನ್ನು ಮೇಲೆ ಕೆಳಗೆ ಸರಿಸಲು ಮೇಲೊಂದು ನಾಬ್, ಎಡ ಬಲಕ್ಕೆ ಸರಿಸಲು ಬಲಕ್ಕೊಂದು, ಎಡಕ್ಕೆ ಮೂರನೆಯದು, ಪ್ಯಾರಲಾಕ್ಸ್‌ದು (ಅದೇನು ಅಂತ ಮುಂದೆ ಹೇಳುತ್ತೇನೆ). ನೋಡಲು ಭರ್ಜರಿ.

ಟೆಕ್ಸಾಸಿನ ಲಾನೋ ಕಡೆ ಶಿಕಾರಿಗೆ ಲೀಸ್ ಹಿಡಿದ ಜಾಗ, ನವೆಂಬರ್ ಬೆಳಗು. ನಮ್ಮ ಮಲೆನಾಡಿನವರು ಮರಸು ಕೂರುವುದು ಅಂತಾರಲ್ಲ, ಹಾಗೆ ಮರದ ಪೆಟ್ಟಿಗೆಯಂಥ ಬ್ಲೈಂಡ್ ಒಳಗೆ ಕೂತಿದ್ದೆವು. ಮೆಕ್ಕೆಜೋಳದ ಫೀಡರ್ ನೂರು ಗಜ ದೂರದಲ್ಲಿ. ಗಂಡು ಜಿಂಕೆ ಫೀಡರ್ ಹತ್ತಿರ ಬರಲೇ ಇಲ್ಲ, ಅರವತ್ತು ಗಜದಲ್ಲಿ ಪೊದೆಯಿಂದ ಎಡಕ್ಕೆ ಇಣುಕಿತು. ಕಣ್ಣಿಟ್ಟರೆ ಕಂದು ಬಣ್ಣದ ಮಂಜು! ಪವರ್ 18ರಲ್ಲಿತ್ತು, ಅದು ನನ್ನ ತಪ್ಪು. ಅದರ ಮೇಲೆ ಕೋವಿಯನ್ನು ಚೀಲದಿಂದ ಎಳೆಯುವಾಗ ಎಡಗಡೆ ನಾಬ್ ಉಜ್ಜಿ 500ರ ಕಡೆ ತಿರುಗಿಬಿಟ್ಟಿತ್ತು. ಗಾಬರಿಯಲ್ಲಿ ಮೊದಲು ಉಲ್ಟಾ ತಿರುಗಿಸಿದೆ. ಸರಿಯಾಗಿ ಕಾಣುವ ಹೊತ್ತಿಗೆ ಪೊದೆ ಮಾತ್ರ ಅಲ್ಲಾಡುತ್ತಿತ್ತು. ಪಕ್ಕದಲ್ಲಿದ್ದ ಹಿರಿಯರು ಏನೂ ಅನ್ನಲಿಲ್ಲ, ಬಣ್ಣ ಸವೆದ ತಮ್ಮ 3-9×40 ಸ್ಕೋಪನ್ನು ಒರೆಸುತ್ತಾ ಕೂತರು. ಅದರಲ್ಲಿ ಮೂರನೇ ನಾಬೇ ಇರಲಿಲ್ಲ.

ಪ್ಯಾರಲಾಕ್ಸ್ ಅಂದರೆ ಇಷ್ಟೇ. ಕಾರಿನಲ್ಲಿ ಪಕ್ಕದ ಸೀಟಿನಿಂದ ನೋಡಿದರೆ ಸ್ಪೀಡ್ ಮೀಟರಿನ ಮುಳ್ಳು ಬೇರೆ ಅಂಕಿ ತೋರಿಸುತ್ತೆ ಅಲ್ವಾ? ಮುಳ್ಳಿಗೂ ಅಂಕಿಗೂ ನಡುವೆ ಜಾಗ ಇರುವುದರಿಂದ. ಸ್ಕೋಪಿನಲ್ಲೂ ಗುರಿಯ ಚಿತ್ರ ಒಂದು ಕಡೆ, ಗುರಿ ಇಡುವ ಕೂಡುಗೆರೆ, ಅಂದರೆ ಕ್ರಾಸ್‌ಹೇರ್, ಇನ್ನೊಂದು ಕಡೆ ಬಿದ್ದರೆ, ಕಣ್ಣು ಸರಿದ ಹಾಗೆ ಕ್ರಾಸ್‌ಹೇರ್ ಸಹ ಗುರಿಯ ಮೇಲೆ ಸರಿಯುತ್ತೆ. ನಾಬ್ ಇಲ್ಲದ ಶಿಕಾರಿ ಸ್ಕೋಪುಗಳಲ್ಲಿ ಇವೆರಡನ್ನೂ ಕಾರ್ಖಾನೆಯಲ್ಲೇ ಒಂದು ದೂರಕ್ಕೆ, ಸಾಮಾನ್ಯವಾಗಿ 100 ಗಜಕ್ಕೆ, ಕೂಡಿಸಿರುತ್ತಾರೆ. ಕೆಲವದರಲ್ಲಿ 150.

ಹಾಗಾದರೆ 200 ಗಜದಲ್ಲಿ ಎಷ್ಟು ತಪ್ಪುತ್ತೆ? ನನಗೆ ತಲೆ ಕೊರೆದದ್ದು ಇದೇ. ಹಿರಿಯರ ಸ್ಕೋಪನ್ನೇ ಬೇಡಿ ತಂದು ರೇಂಜಿನಲ್ಲಿ ಕೂತೆ. ತೋಟಾ ಹಾಕಿಲ್ಲ, ಬೋಲ್ಟ್ ತೆಗೆದಿಟ್ಟಿದ್ದೇನೆ, ಕೋವಿ ಮರಳಿನ ಚೀಲದ ಮೇಲೆ. ಕೋವಿ ಮುಟ್ಟದೆ ತಲೆಯನ್ನು ಮಾತ್ರ ಮೇಲೆ ಕೆಳಗೆ ಆಡಿಸಿದೆ. 100 ಗಜದ ಚೌಕಳಿ ಹಾಳೆಯಲ್ಲಿ ಕ್ರಾಸ್‌ಹೇರ್ ಕದಲಲಿಲ್ಲ. 200ರಲ್ಲಿ ಮೆಲ್ಲಗೆ ತೇಲಿತು, ಆದರೆ ಒಂದು ಇಂಚಿನ ಚೌಕ ದಾಟಲಿಲ್ಲ. ಲೆಕ್ಕವೂ ಅದನ್ನೇ ಹೇಳುತ್ತೆ: ಮುಂದಿನ ಗಾಜಿನ ಅಗಲದ ಅರ್ಧವನ್ನು, ದೂರದ ವ್ಯತ್ಯಾಸದಿಂದ ಗುಣಿಸಿ, ಸೆಟ್ ಮಾಡಿದ ದೂರದಿಂದ ಭಾಗಿಸಿ. 40 ಮಿ.ಮೀ. ಗಾಜು, 100 ಗಜದ ಸೆಟ್ಟಿಂಗ್, ಗುರಿ 200ರಲ್ಲಿ ಅಂದರೆ 20 ಮಿ.ಮೀ. ಅದೂ ಕಣ್ಣು ಪೂರ್ತಿ ಅಂಚಿಗೆ ಹೋದಾಗ. ಕೆನ್ನೆ ಪ್ರತಿ ಸಲ ಹಿಡಿಯ ಒಂದೇ ಜಾಗದಲ್ಲಿ ಕೂತರೆ ಅಷ್ಟೂ ಇಲ್ಲ. ಜಿಂಕೆಯ ಹೃದಯ, ಶ್ವಾಸಕೋಶದ ಜಾಗವೇ ಸುಮಾರು 20 ಸೆಂಟಿಮೀಟರ್ ಅಗಲ. ಎರಡು ಸೆಂಟಿಮೀಟರಿಗೆ ಅಷ್ಟು ತಲೆ ಕೆಡಿಸಿಕೊಂಡಿದ್ದೆನಾ ಅನ್ನಿಸಿತು.

ನಡುವೆ ಒಂದು ಮಾತು. ಕ್ರಾಸ್‌ಹೇರ್ ಮಸುಕಾಗಿದ್ದರೆ ಅದು ಪ್ಯಾರಲಾಕ್ಸ್ ಅಲ್ಲ, ಕಣ್ಣಿನ ಕಡೆಯ ಉಂಗುರ ಸರಿಯಿಲ್ಲ ಅಂತ. ಬರೀ ಆಕಾಶ ನೋಡುತ್ತಾ ಅದನ್ನು ಮೊದಲು ಸರಿಮಾಡಬೇಕು. ಸೂರ್ಯನ ಕಡೆ ಮಾತ್ರ ಬೇಡ. ನಾನು ಒಂದು ಸೀಸನ್ ಪೂರ್ತಿ ಸುಮ್ನೆ ತಪ್ಪು ನಾಬ್ ತಿರುಗಿಸುತ್ತಿದ್ದೆ.

ಜಿಂಕೆಗೆ ಈಗ ನನ್ನದೂ 3-9×40, ಮೂರನೇ ನಾಬ್ ಇಲ್ಲದ್ದು. ಆ ನಾಬ್ ವೇಸ್ಟ್ ಅಂತ ಹೇಳುತ್ತಿಲ್ಲ. .22 ಅನ್ನುವ ಸಣ್ಣ ತೋಟಾದ ರೈಫಲ್ಲಿನಲ್ಲಿ ಅಳಿಲು ಹೊಡೆಯುವವರಿಗೆ ಕತೆಯೇ ಬೇರೆ. 100 ಗಜಕ್ಕೆ ಕೂಡಿಸಿದ ಅದೇ 40 ಮಿ.ಮೀ. ಸ್ಕೋಪ್ 25 ಗಜದಲ್ಲಿ 15 ಮಿ.ಮೀ. ತಪ್ಪಬಹುದು, ಅಳಿಲಿನ ತಲೆ ಇರುವುದೇ ಎಷ್ಟು? ಅದಕ್ಕೆ 50 ಗಜಕ್ಕೆ ಕೂಡಿಸಿದ ರಿಮ್‌ಫೈರ್ (.22ರಂಥ ಸಣ್ಣ ತೋಟಾದ ರೈಫಲ್ಲಿನ) ಸ್ಕೋಪ್ ಅಥವಾ ನಾಬ್ ಇರುವುದು ಬೇಕು. ಏರ್ ರೈಫಲ್‌ಗಂತೂ ಹತ್ತು ಗಜದವರೆಗೆ ಇಳಿಯುವ ನಾಬ್ ಬೇಕೇ ಬೇಕು. 400 ಗಜದ ಕಬ್ಬಿಣದ ತಟ್ಟೆಗೆ ಹೊಡೆಯುವವರಿಗೂ ಅಷ್ಟೇ.

ಈಗಾಗಲೇ ನಾಬ್ ಇರುವ ಸ್ಕೋಪ್ ಕೊಂಡಿದ್ದರೆ ಮಾರಬೇಡಿ. ನನ್ನ 6-24ರ ನಾಬನ್ನು ನಿಜವಾದ 150 ಗಜಕ್ಕೆ ತಿರುಗಿಸಿ ಕರೆಂಟ್ ಟೇಪ್ ಸುತ್ತಿದ್ದೇನೆ. ನಾಬಿನ ಮೇಲಿನ ಅಂಕಿಯನ್ನು ನಂಬಿ ಅಲ್ಲ, ತಲೆ ಆಡಿಸಿ ನೋಡಿ ಗುರುತು ಹಾಕಿದ್ದು. ನನ್ನ ಸ್ಕೋಪಿನಲ್ಲಿ 150 ಅಂತ ಬರೆದಿರುವುದು ನಿಜಕ್ಕೂ ಇರುವುದು 130ರ ಹತ್ತಿರ. ಬ್ಲೈಂಡ್ ಒಳಗೆ ಕೂತ ತಕ್ಷಣ ಪವರ್ 6ಕ್ಕೆ ಇಳಿಸುತ್ತೇನೆ, ಆಮೇಲೆ ಫ್ಲಾಸ್ಕಿನಿಂದ ಕಾಫಿ.